ಗಂಡ ಹೆಂಡಿರಿಗೊಂದು ಕೋಣೆ

ಈ ಪುಟದಲ್ಲಿ ಗಡಿಭಾಗದ ಕನ್ನಡ ಶಾಲೆ, ಕಾಲುವೆ ನೀರು, ನಿಂತುಹೋದ ಬಸ್ಸು ಇಂಥವುಗಳ ಬಗ್ಗೆ ಬರೆಯುವುದು ವಾಡಿಕೆ. ನಾನೂ ಅದನ್ನೇ ಬರೆಯಬೇಕಾದವನು. ಈ ಸಲ ಒಂದು ಹೋಟೆಲ್ ರೂಮಿನ ವಿಷಯ ಬರೆಯುತ್ತೇನೆ ಅಂದರೆ ಓದುಗರು ನಗಬಾರದು. ಮದ್ದಿಕೇರದಂಥ ಊರಿನ, ಐವತ್ತು ದಾಟಿದ ಒಬ್ಬ ರೈತ ಮತ್ತು ಅವನ ಹೆಂಡತಿ ಏನೂ ಕೆಲಸವಿಲ್ಲದೆ, ಸುಮ್ಮನೆ, ದೂರದ ಊರಿನಲ್ಲಿ ಬಾಡಿಗೆ ಕೋಣೆ ಹಿಡಿದು ಇದ್ದು ಬಂದರು ಅಂದರೆ ನಮ್ಮ ಕಡೆ ಅದು ಸಣ್ಣ ಸುದ್ದಿಯಲ್ಲ. ಹದಿನೈದು ದಿನ ಕಟ್ಟೆಯ ಮೇಲೆ ಅದೇ ಮಾತು. "ಯಾವ ದವಾಖಾನಿಗೆ ಹೋಗಿದ್ರಿ, ಯಾರಿಗೆ ಏನಾಗಿತ್ತು?" ಅಂತ ಕೇಳಿದವರೇ ಹೆಚ್ಚು.

ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಮ್ಮ ಸೀಮೆಯಲ್ಲಿ ಗಂಡ ಹೆಂಡತಿ ಜೋಡಿಯಾಗಿ ಊರು ಬಿಟ್ಟು ರಾತ್ರಿ ಉಳಿಯಬೇಕಾದರೆ ಒಂದೋ ದೇವರಿಗೆ ಹೋಗಿರಬೇಕು, ಇಲ್ಲ ದವಾಖಾನೆಗೆ ಹೋಗಿರಬೇಕು. ಶ್ರಾವಣ ಮಾಸದಲ್ಲಿ ಉರುಕುಂದಿ ಈರಣ್ಣನ ಜಾತ್ರೆಗೆ ಹೋದರೆ ಟ್ರ್ಯಾಕ್ಟರಿನ ಟ್ರಾಲಿ ಕೆಳಗೆ ಚಾಪೆ ಹಾಸಿ ಮಲಗುತ್ತೇವೆ. ಮಂತ್ರಾಲಯಕ್ಕೆ ಹೋದರೆ ಛತ್ರದ ವರಾಂಡ ಇದೆ. ದವಾಖಾನೆಯಲ್ಲಿ ಒಬ್ಬರು ಮಂಚದ ಮೇಲೆ, ಇನ್ನೊಬ್ಬರು ಮಂಚದ ಕೆಳಗೆ. ಇದರ ಆಚೆಗೆ ಇಬ್ಬರೇ ಎಲ್ಲಿಗಾದರೂ ಹೋಗಿ ಇರುವುದುಂಟು ಅನ್ನುವ ಯೋಚನೆಯೇ ನಮಗೆ ಬಂದಿಲ್ಲ.

ನಮ್ಮ ಮದುವೆಯಾದದ್ದು 1994ರ ಮೇ ತಿಂಗಳಲ್ಲಿ. ನಮ್ಮ ಮನೆಯಾಕೆ ಸಿರುಗುಪ್ಪದ ಕಡೆಯವಳು. ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುವ ಊರಿನಿಂದ ಮಳೆ ನಂಬಿ ಶೇಂಗಾ ಬಿತ್ತುವ ಊರಿಗೆ ಬಂದಳು. ನಮ್ಮದು ಮೂರು ಅಂಕಣದ ಮಣ್ಣಿನ ಮಾಳಿಗೆ ಮನೆ. ಒಂದರಲ್ಲಿ ಎತ್ತು, ಒಂದರಲ್ಲಿ ಒಲೆ ಮತ್ತು ಕಾಳಿನ ಚೀಲ, ನಡುವಿನದರಲ್ಲಿ ಅಪ್ಪ, ಅವ್ವ, ಇಬ್ಬರು ತಮ್ಮಂದಿರು, ಒಬ್ಬಳು ತಂಗಿ. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲು ಆ ಮನೆಯಲ್ಲಿ ಒಂದೇ ಇತ್ತು, ಅದು ಬೀದಿ ಬಾಗಿಲು. ಹೊಸ ಜೋಡಿ ಮಾಳಿಗೆಯ ಮೇಲೆ ಮಲಗಬೇಕು. ಮಳೆ ಹನಿದರೆ ಹಾಸಿಗೆ ಸುತ್ತಿಕೊಂಡು ಕೆಳಗಿಳಿದು ಎಲ್ಲರ ಸಾಲಿನಲ್ಲಿ ಮಲಗಬೇಕು. ಮಳೆಗಾಗಿ ಆಕಾಶ ನೋಡುವ ಆ ಊರಿನಲ್ಲಿ ಆ ವರ್ಷ ಮಳೆ ಬಂದದ್ದಕ್ಕೆ ಬೇಸರ ಮಾಡಿಕೊಂಡವರು ನಾವಿಬ್ಬರೇ ಇರಬೇಕು.

ಮದುವೆಯಾದ ತಿಂಗಳಿಗೆ ಹೊಸಪೇಟೆ ಡ್ಯಾಮು ನೋಡಲು ಹೋಗಿದ್ದೆವು. ಸಿನಿಮಾದಲ್ಲಿ ಕೆ.ಆರ್.ಎಸ್. ಬೃಂದಾವನದ ಹಾಡುಗಳನ್ನು ನೋಡಿದವರಿಗೆ ನಮ್ಮ ಕಡೆ ಹತ್ತಿರದ ಬೃಂದಾವನ ಅಂದರೆ ಟಿ.ಬಿ. ಡ್ಯಾಮಿನ ತೋಟ. ಹೋದವರು ಇಬ್ಬರಲ್ಲ, ಎಂಟು ಜನ. ಅತ್ತಿಗೆ, ನಾದಿನಿ, ಭಾವಮೈದ, ಅವನ ಗೆಳೆಯ. ಸಂಜೆಯ ಬಸ್ಸಿಗೇ ವಾಪಸ್ಸು. ಆಕೆ ಆ ದಿನ ಕಾರಂಜಿಯ ಹತ್ತಿರ ಕೂತು, ದೀಪ ಹಾಕುವುದನ್ನು ನೋಡಬೇಕಿತ್ತು ಅಂದಿದ್ದಳು. ಬಸ್ಸು ತಪ್ಪುತ್ತದೆ ಅಂತ ನಾನೇ ಎಬ್ಬಿಸಿಕೊಂಡು ಬಂದೆ.

ನನ್ನದೊಂದು ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಳ್ಳಾರಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಎಸ್.ಎಸ್.ಎಲ್.ಸಿ. ಮುಗಿಸಿದ ನಾನು ತೆಲುಗು, ಕನ್ನಡ ಎರಡರಲ್ಲೂ ಪದ್ಯ ಬರೆಯುತ್ತೇನೆ. ಆದವಾನಿ, ಬಳ್ಳಾರಿ, ಅನಂತಪುರ ಅಂತ ಕವಿಗೋಷ್ಠಿಗೆ ಕರೆಯುತ್ತಾರೆ. ಶಾಲು ಹೊದಿಸುತ್ತಾರೆ, ರಾತ್ರಿ ಲಾಡ್ಜಿನಲ್ಲಿ ಮೂವರು ಕವಿಗಳಿಗೆ ಒಂದು ರೂಮು ಕೊಡುತ್ತಾರೆ. ಹೆಂಡತಿಯ ಮೇಲೆ ಬರೆದ ಪದ್ಯ ಓದಿ ಚಪ್ಪಾಳೆ ಗಿಟ್ಟಿಸಿ ನಾನು ಫ್ಯಾನಿನ ಕೆಳಗೆ ಮಲಗಿದ ರಾತ್ರಿಗಳಲ್ಲಿ ಆಕೆ ಕರು ಹಾಕುವ ಎಮ್ಮೆಯ ಪಕ್ಕ ಲಾಟೀನು ಹಿಡಿದು ಕೂತಿದ್ದದ್ದುಂಟು. ಒಂದು ಸಲವಾದರೂ ಜೊತೆಗೆ ಬಾ ಅಂತ ನಾನು ಕರೆಯಲಿಲ್ಲ. ಕರೆದಿದ್ದರೂ ಮೂವರು ಕವಿಗಳ ರೂಮಿನಲ್ಲಿ ಆಕೆ ಎಲ್ಲಿ ಮಲಗಬೇಕಿತ್ತು, ಅದೂ ನಿಜ.

ಹೊರಡಿಸಿದವನು ಮಗ. ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಾನೆ. ಮೊದಲು ಬಿಡದಿ ಹತ್ತಿರದ ವಂಡರ್‌ಲಾಗೆ ಕಳಿಸುತ್ತೇನೆ ಅಂದ. 2005ರಲ್ಲಿ ಆದ ಪಾರ್ಕು, ಪಕ್ಕದಲ್ಲೇ ಉಳಿಯಲು ರಿಸಾರ್ಟೂ ಇದೆ ಅಂತ ಫೋನಿನಲ್ಲಿ ಚಿತ್ರ ತೋರಿಸಿದ. ನೀರಿನ ಆಟಕ್ಕೆ ಸೀರೆ ಉಟ್ಟುಕೊಂಡು ಇಳಿಯುವಂತಿಲ್ಲ, ಬೇರೆ ಬಟ್ಟೆ ಹಾಕಬೇಕು ಅಂತ ಗೊತ್ತಾದ ಕೂಡಲೇ ಅವರವ್ವ ಫೋನು ವಾಪಸ್ ಕೊಟ್ಟಳು. ಆ ನಿಯಮ ಸರಿಯೇ ಇದೆ. ಸೀರೆಯ ಸೆರಗು ಎಲ್ಲಾದರೂ ಸಿಕ್ಕಿಕೊಂಡರೆ ಅಪಾಯ. ಆದರೆ ಸೀರೆಯಲ್ಲೇ ನಡೆದಾಡಿ ನೋಡುವಂಥದ್ದು ಇದ್ದರೆ ಹೇಳು ಅಂದಳು. ಹಾಗೆ ರಾಮೋಜಿ ಫಿಲ್ಮ್ ಸಿಟಿ ಗೊತ್ತಾಯಿತು. 2025ರ ಫೆಬ್ರವರಿ, ಕಡಲೆ ಒಕ್ಕಿ ಮುಗಿದಿತ್ತು. ಎಮ್ಮೆಯನ್ನು ತಮ್ಮನ ಹೆಂಡತಿಗೆ ಒಪ್ಪಿಸಿ ಹೊರಟೆವು.

ಪತ್ತಿಕೊಂಡ, ಕರ್ನೂಲು ದಾಟಿ ಹೈದರಾಬಾದ್ ಸೇರುವಷ್ಟರಲ್ಲಿ ರಾತ್ರಿ ಒಂಬತ್ತು ಮೀರಿತ್ತು. ಫಿಲ್ಮ್ ಸಿಟಿಯ ರೂಮು ಮರುದಿನಕ್ಕೆ. ಆ ರಾತ್ರಿಗೆ ಬಸ್ಸಿಳಿದ ಕಡೆ ಒಂದು ಲಾಡ್ಜಿಗೆ ಹೋದೆವು. ಅದರ ಹೆಸರು ಬೇಡ. ಆಧಾರ್ ಕೊಡಿ ಅಂದರು, ಇಬ್ಬರದೂ ಕೊಟ್ಟೆ.

ಅಲ್ಲಿ ಸಿಕ್ಕಿಬಿದ್ದೆವು. ನನ್ನ ಆಧಾರಿನಲ್ಲಿ ಇಂಗ್ಲಿಷಿನ ಜೊತೆ ತೆಲುಗು, ವಿಳಾಸ ಮದ್ದಿಕೇರ. ಆಕೆಯದರಲ್ಲಿ ಇಂಗ್ಲಿಷಿನ ಜೊತೆ ಕನ್ನಡ, ವಿಳಾಸ ತವರು ಮನೆಯದು, ಗಂಡನ ಹೆಸರಿನ ಬದಲು ಅಪ್ಪನ ಹೆಸರು. ಅದು ಹೀಗಾಯಿತು. 2012ರಲ್ಲಿ ನಮ್ಮ ಅತ್ತೆ ಹಾಸಿಗೆ ಹಿಡಿದಾಗ ಆಕೆ ಎಂಟು ತಿಂಗಳು ತವರಲ್ಲೇ ಇದ್ದು ನೋಡಿಕೊಂಡಳು. ಆಗ ಆ ಊರಿನ ಶಾಲೆಯಲ್ಲಿ ಆಧಾರ್ ತೆಗೆಯಲು ಬಂದಿದ್ದರು. ಊರವರೆಲ್ಲ ಸಾಲಿನಲ್ಲಿ ನಿಂತರು, ಆಕೆಯೂ ನಿಂತಳು. ಗಡಿಯ ಎರಡೂ ಕಡೆ ನೆಂಟಸ್ತಿಕೆ ಇರುವ ಯಾವ ಮನೆಯಲ್ಲಿ ನೋಡಿದರೂ ಇಂಥ ಒಂದಾದರೂ ಕಾಗದ ಸಿಗುತ್ತದೆ.

ಕೌಂಟರಿನಾತ ಎರಡೂ ಕಾರ್ಡನ್ನು ಪಕ್ಕಪಕ್ಕ ಇಟ್ಟು ನೋಡಿದ. ಆಮೇಲೆ ನನ್ನನ್ನು ನೋಡಿ, "ಏಂ ಪೆದ್ದಾಯನಾ, ಆಮೆ ನೀಕು ಏಮೌತುಂದಿ?" ಅಂದ. ಆಕೆ ನಿನಗೆ ಏನಾಗಬೇಕು ಅಂತ. ಹೆಂಡತಿ ಅಂದೆ. ಊರು ಬೇರೆ, ರಾಜ್ಯ ಬೇರೆ, ಹೇಗೆ ಹೆಂಡತಿ ಅಂದ. ಕೊರಳಲ್ಲಿ ತಾಳಿ ಇದೆ, ಕಾಲುಂಗುರ ಇದೆ, ತಲೆಯಲ್ಲಿ ನರೆ ಇದೆ. ಅದೆಲ್ಲ ಅಂಗಡಿಯಲ್ಲಿ ಸಿಗುತ್ತದೆ ಅಂದ. ನರೆ ಯಾವ ಅಂಗಡಿಯಲ್ಲಿ ಸಿಗುತ್ತದಪ್ಪಾ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಮದುವೆ ಫೋಟೋ ಇದ್ದರೆ ತೋರಿಸು ಅಂದ. ಹಿಂದೆ ನಿಂತಿದ್ದ ಇಬ್ಬರು ಹುಡುಗರು ನಗುತ್ತಿದ್ದರು. ಆಕೆ ಸೆರಗು ತಲೆಯ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ನಿಂತಳು.

ಕೊನೆಗೆ ಮಗನಿಗೆ ಫೋನು ಮಾಡಿದೆ. ತಂಗಿಯ ಮಗಳ ಮದುವೆಯಲ್ಲಿ ನಾವಿಬ್ಬರೂ ನಿಂತ ಫೋಟೋವನ್ನು ಅವನು ವಾಟ್ಸಾಪಿನಲ್ಲಿ ಕಳಿಸಿದ, ಕೌಂಟರಿನಾತನ ಜೊತೆ ತಾನೇ ಇಂಗ್ಲಿಷಿನಲ್ಲಿ ಮಾತಾಡಿದ. ರೂಮು ಸಿಕ್ಕಿತು. ಆ ರಾತ್ರಿ ಆಕೆ ದೀಪ ಆರಿಸಲು ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಮಾತು ಅಂದಳು. "ಮೂವತ್ತು ವರ್ಷ ಬಾಳ್ವಿ ಮಾಡಿದ ಮ್ಯಾಲ ಮಗನ ಹತ್ರ ಸರ್ಟಿಫಿಕೇಟು ತಗೊಂಡಂಗಾತಲ್ರಿ."

ಇದನ್ನು ನಾನು ಒಬ್ಬ ವಕೀಲರ ಮುಂದೆ ಆಮೇಲೆ ಹೇಳಿಕೊಂಡೆ. ಅವರು ಹೇಳಿದ್ದು ಓದುಗರಿಗೂ ತಿಳಿದಿರಲಿ. ಬಂದವರ ಗುರುತು ಕೇಳಿ ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದು ಲಾಡ್ಜಿನವರ ಕೆಲಸ, ಅದಕ್ಕೆ ನಾವು ಬೇಡ ಅನ್ನುವಂತಿಲ್ಲ. ಆದರೆ ವಯಸ್ಸಿಗೆ ಬಂದ ಗಂಡು ಹೆಣ್ಣು ಒಂದು ರೂಮಿನಲ್ಲಿ ಇರಬೇಕಾದರೆ ಮದುವೆಯಾಗಿರಲೇಬೇಕು ಅನ್ನುವ ಕಾನೂನು ಈ ದೇಶದಲ್ಲಿ ಇಲ್ಲ. 2019ರ ಡಿಸೆಂಬರಿನಲ್ಲಿ ಕೊಯಮತ್ತೂರಿನ ಒಂದು ವಸತಿಗೃಹದ ಮೊಕದ್ದಮೆಯಲ್ಲಿ ಮದ್ರಾಸ್ ಹೈಕೋರ್ಟು ಇದನ್ನೇ ಹೇಳಿದೆ. ಅದಕ್ಕೂ ಮೊದಲು, 2017ರ ಆಗಸ್ಟಿನಲ್ಲಿ, ಮನುಷ್ಯನ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ಆ ಮೊಕದ್ದಮೆ ಹುಟ್ಟಿದ್ದು ಈ ಆಧಾರ್ ಕಾರ್ಡಿನ ತಕರಾರಿನಿಂದಲೇ, ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2024ರಲ್ಲಿ ತೀರಿಕೊಂಡರು. ಅವರ ಹೆಸರು ಆ ಲಾಡ್ಜಿನ ಕೌಂಟರಿನವರೆಗೆ ಬಂದಿಲ್ಲ, ಅಷ್ಟೇ. ಮದುವೆಯಾಗದ ಹುಡುಗ ಹುಡುಗಿಯರ ಮಾತು ನಾನು ಎತ್ತುತ್ತಿಲ್ಲ, ಅದರಲ್ಲಿ ನಮ್ಮ ಊರಿನ ಹಿರಿಯರಿಗೂ ನನಗೂ ಅಭಿಪ್ರಾಯ ಕೂಡುವುದಿಲ್ಲ. ಆದರೆ ಅವರನ್ನು ಹಿಡಿಯಲು ಬೀಸಿದ ಬಲೆಯಲ್ಲಿ ನಮ್ಮಂಥ ಮುದುಕರೂ ಬೀಳುತ್ತಾರೆ. ಗಡಿಯವರಂತೂ ಮೊದಲು ಬೀಳುತ್ತಾರೆ, ಯಾಕೆಂದರೆ ನಮ್ಮ ಕಾಗದಗಳು ಒಂದಕ್ಕೊಂದು ಹೊಂದುವುದಿಲ್ಲ.

ಬೆಳಿಗ್ಗೆ ಆಕೆ ವಾಪಸ್ ಹೋಗೋಣ ಅಂದಳು. ಅಲ್ಲೂ ಹೀಗೇ ಕೇಳಿದರೆ ಅನ್ನುವುದು ಆಕೆಯ ಹೆದರಿಕೆ. ಮಗ ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ ಅಂದ ಮೇಲೆ ಎದ್ದಳು.

ಫಿಲ್ಮ್ ಸಿಟಿ ಇರುವುದು ವಿಜಯವಾಡದ ಹೆದ್ದಾರಿಯಲ್ಲಿ, ಹಯತ್‌ನಗರ ದಾಟಿ. ‘ಈನಾಡು’ ಪತ್ರಿಕೆಯ ರಾಮೋಜಿ ರಾವ್ ಅವರು 1996ರಲ್ಲಿ ಕಟ್ಟಿದ್ದು. ಜಗತ್ತಿನಲ್ಲೇ ದೊಡ್ಡ ಸ್ಟುಡಿಯೋ ಅಂತ ಗಿನ್ನೆಸ್ ಪುಸ್ತಕದಲ್ಲಿದೆ, 1,666 ಎಕರೆ. ಅವರು 2024ರ ಜೂನಿನಲ್ಲಿ ಹೋದರು. ಒಳಗೆ ಉಳಿಯಲು ದೊಡ್ಡವರಿಗೆ ಸಿತಾರಾ ಅಂತ ಒಂದು ಹೋಟೆಲು, ಅದಕ್ಕಿಂತ ಇಳಿದು ತಾರಾ, ಕಡಿಮೆ ಖರ್ಚಿನವರಿಗೆ ಶಾಂತಿನಿಕೇತನ, ಗುಂಪಾಗಿ ಬರುವ ಶಾಲೆ ಮಕ್ಕಳಿಗೆ, ತಂಡದವರಿಗೆ ಸಹಾರಾ. ನಮ್ಮದು ಕಡಿಮೆ ಖರ್ಚಿನದು. ಕಡಿಮೆ ಅಂದರೂ ಎಷ್ಟು ಅಂತ ಮಗ ಹೇಳಿರಲಿಲ್ಲ. ಅವನ ಫೋನಿನಲ್ಲಿ ಆಕೆಯೇ ಕಂಡುಹಿಡಿದಿದ್ದಳು. ಒಂದೆಕರೆ ಶೇಂಗಾ ಬಿತ್ತನೆ ಬೀಜದ ದುಡ್ಡು ಅಂತ ಬಸ್ಸಿನಲ್ಲಿ ಮೂರು ಸಲ ಅಂದಳು.

ಕೌಂಟರಿನಲ್ಲಿ ಒಂದು ಹುಡುಗಿ ಇದ್ದಳು. ಎರಡೂ ಆಧಾರ್ ತೆಗೆದುಕೊಂಡಳು. ನಮ್ಮ ಮನೆಯಾಕೆ ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದಳು. ಆ ಹುಡುಗಿ ಕನ್ನಡದ ಕಾರ್ಡನ್ನು ಬೆಳಕಿಗೆ ಹಿಡಿದು ಹೆಸರನ್ನು ಗಟ್ಟಿಯಾಗಿ ಓದಿ, "ಅಮ್ಮಾ, ನಮ್ದು ಸೇಡಂ" ಅಂದಳು. ಮತ್ತೇನನ್ನೂ ಕೇಳಲಿಲ್ಲ. ಊಟ ಆಯ್ತಾ ಅಂತ ಮಾತ್ರ ಕೇಳಿದಳು. ತವರು ಸಿರುಗುಪ್ಪದ ಕಡೆ, ಗಂಡನ ಮನೆ ಆಂಧ್ರ, 2014ರಿಂದ ತೆಲಂಗಾಣವಾಗಿರುವ ನೆಲದಲ್ಲಿ ರೂಮು, ಬೀಗದ ಕೈ ಕೊಟ್ಟವಳು ಕಲಬುರಗಿ ಜಿಲ್ಲೆಯ ಹುಡುಗಿ. ಕೈಗೆ ಬೀಗದ ಕೈ ಬಂದ ಮೇಲೆ ಆಕೆ ತೋಳು ಬಿಟ್ಟಳು.

ಇನ್ನೊಬ್ಬ ಹುಡುಗ, ಸಾಮಾನು ತೋರಿಸಲು ಬಂದವನು, ಹನಿಮೂನಾ ಸಾರ್, ಆನಿವರ್ಸರಿಯಾ ಅಂತ ವಿನಯದಿಂದಲೇ ಕೇಳಿದ. ಹೀಗೆ ಯಾಕೆ ಕೇಳುತ್ತಾರೆ ಅಂದರೆ ಇಂಥ ಕಡೆ ಇಬ್ಬರೇ ಬರುವವರು ಹೊಸದಾಗಿ ಮದುವೆಯಾದವರು. ವಯಸ್ಸಾದವರು ಬಂದರೆ ಮಕ್ಕಳು ಮೊಮ್ಮಕ್ಕಳ ಹಿಂದೆ ಚೀಲ ಹಿಡಿದು ಬರುತ್ತಾರೆ. ಹೊಲದಲ್ಲಿ ಜೋಡೆತ್ತಿನಂತೆ ಮೂವತ್ತು ವರ್ಷ ದುಡಿದ ಗಂಡ ಹೆಂಡತಿ ತಾವಿಬ್ಬರೇ ಬರಬಹುದು ಅನ್ನುವುದು ಅವರ ಲೆಕ್ಕದಲ್ಲೂ ಇಲ್ಲ, ನಮ್ಮ ಲೆಕ್ಕದಲ್ಲೂ ಇಲ್ಲ.

ನೋಡಿದ್ದನ್ನೆಲ್ಲ ಬರೆದರೆ ಪುಟ ಸಾಲದು. ಕೆಂಪು ಬಸ್ಸಿನಲ್ಲಿ ಕೂರಿಸಿಕೊಂಡು ತಿರುಗಿಸುತ್ತಾರೆ. ಅರಮನೆಯ ಮುಂದಿನಿಂದ ನೋಡಿದರೆ ಅರಮನೆ, ಹಿಂದೆ ಹೋದರೆ ಕಟ್ಟಿಗೆ ಮತ್ತು ಪ್ಲಾಸ್ಟರು. ಮೊಘಲರ ತೋಟ ಇದೆ, ಜಪಾನಿನ ತೋಟ ಇದೆ, ‘ಬಾಹುಬಲಿ’ ಸಿನಿಮಾಕ್ಕೆ ಹಾಕಿದ ಸೆಟ್ಟು ಇದೆ. ಅಮೇರಿಕದ ದನಗಾಹಿಗಳ ಹಾಗೆ ಟೋಪಿ ಹಾಕಿಕೊಂಡು ಗುಂಡು ಹಾರಿಸುವ ಆಟ ಒಂದು ನಡೆಯಿತು, ಜನ ಶಿಳ್ಳೆ ಹೊಡೆದರು. ಆಕೆಗೆ ಅದು ಹಿಡಿಸಲಿಲ್ಲ. "ನಮ್ಮೂರ ದಸರಿ ಕುದ್ರಿ ಮುಂದ ಇದೇನ್ರಿ" ಅಂದಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ವಿಜಯದಶಮಿಯ ಸಂಜೆ ನಮ್ಮ ಮದ್ದಿಕೇರದಲ್ಲಿ ಹಳೆಯ ಯಾದವ ಪಾಳೇಗಾರರ ವಂಶದವರು ಬೊಜ್ಜನಾಯುನಿಪೇಟೆಯ ಭೋಗೇಶ್ವರನಿಗೆ ಪೂಜೆ ಮಾಡಿಸಿ ಅಲ್ಲಿಂದ ಊರಿನವರೆಗೆ ಪಂದ್ಯ ಕಟ್ಟಿ ಕುದುರೆ ಓಡಿಸುತ್ತಾರೆ. ಅದನ್ನು ಕಂಡ ಕಣ್ಣಿಗೆ ಬೇರೆ ಕುದುರೆ ರುಚಿಸುವುದು ಕಷ್ಟ.

ಆಕೆ ಬಹಳ ಹೊತ್ತು ನಿಂತದ್ದು ಸುಳ್ಳು ರೈಲ್ವೆ ಸ್ಟೇಷನ್ನಿನ ಮುಂದೆ. ನಿಜವಾದ ಸ್ಟೇಷನ್ನಿನ ಹಾಗೇ ಕಟ್ಟಿದ್ದಾರೆ. ಇದು ಯಾವ ಊರು ಅಂತ ಆಕೆ ಕೇಳಿದಳು. ಯಾವ ಊರು ಬೇಕಾದರೆ ಆ ಊರು, ಬೋರ್ಡು ಬದಲಿಸಿದರೆ ಆಯಿತು ಅಂತ ತೋರಿಸುವಾತ ತೆಲುಗಿನಲ್ಲಿ ಹೇಳಿದ. ಎಲ್ಲರೂ ನಕ್ಕರು. ನನಗೆ 1953ರ ಅಕ್ಟೋಬರ್ 1 ನೆನಪಾಯಿತು. ಅಪ್ಪ ಹೇಳುತ್ತಿದ್ದ ಮಾತು. ಆ ದಿನ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ, ಬಳ್ಳಾರಿ ಮತ್ತು ಉಳಿದವು ಮೈಸೂರಿಗೆ. ಜನ ಎದ್ದಾಗ ಅದೇ ಮನೆ, ಅದೇ ಬಾವಿ, ಬೋರ್ಡು ಮಾತ್ರ ಬೇರೆ. ಆಕೆಯ ಕಾರ್ಡು ಒಂದು ಕಡೆ, ನನ್ನ ಕಾರ್ಡು ಒಂದು ಕಡೆ ಆಗುವುದಕ್ಕೆ ಬೀಜ ಬಿದ್ದದ್ದು ಅವತ್ತೇ ಅನ್ನಬೇಕು.

ಇನ್ನೊಂದು ಸಂಗತಿ ನಮ್ಮ ಕನ್ನಡದವರು ಮರೆಯುತ್ತಿದ್ದಾರೆ. 2000ದ ಡಿಸೆಂಬರಿನಲ್ಲಿ ಶುರುವಾದ ಈಟಿವಿ ಕನ್ನಡ ವಾಹಿನಿ ಬಹಳ ವರ್ಷ ನಡೆದದ್ದು ಈ ಆವರಣದಿಂದಲೇ. 2015ರಲ್ಲಿ ಅದು ಕಲರ್ಸ್ ಕನ್ನಡ ಆಯಿತು. ಆಗ ಸಂಜೆ ನಾವು ಮದ್ದಿಕೇರದಲ್ಲಿ ಕೂತು ಕೇಳುತ್ತಿದ್ದ ಕನ್ನಡ ಸುದ್ದಿ ಬೆಂಗಳೂರಿನಿಂದ ಬರುತ್ತಿದೆ ಅಂದುಕೊಂಡಿದ್ದೆವು, ಅದು ತೆಲುಗು ನೆಲದ ಇದೇ ಕಲ್ಲುಗುಡ್ಡಗಳ ನಡುವಿನಿಂದ ಬರುತ್ತಿತ್ತು. ಎಷ್ಟೋ ಕನ್ನಡದ ಹುಡುಗರು ಇಲ್ಲಿ ದುಡಿದು ಹೋಗಿದ್ದಾರೆ. ಸೇಡಂ ಹುಡುಗಿಯನ್ನು ಕಂಡು ನಾನು ಆಶ್ಚರ್ಯ ಪಡಬೇಕಾಗಿರಲಿಲ್ಲ.

ರೂಮಿನ ಮಾತಿಗೆ ಬರುತ್ತೇನೆ. ದೊಡ್ಡದೇನಲ್ಲ. ಎರಡು ಜನಕ್ಕೆ ಒಂದು ಮಂಚ, ಬಿಳಿ ಹಾಸಿಗೆ, ಒಂದು ಟಿ.ವಿ., ಸ್ನಾನದ ಮನೆ, ಕಿಟಕಿ. ಆಕೆ ಮೊದಲು ಮಾಡಿದ್ದು ಮೂಲೆಯಲ್ಲಿ ಪೊರಕೆ ಹುಡುಕಿದ್ದು. ಪೊರಕೆ ಇಲ್ಲ. ಟವೆಲಿನಿಂದ ಮೇಜು ಒರೆಸಿದಳು. ಚಹಾ ಕುಡಿದ ಕಪ್ಪು ತೊಳೆದಿಟ್ಟಳು. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಮಂಚದ ಅಂಚಿನಲ್ಲಿ ಕೈ ಕಟ್ಟಿಕೊಂಡು ಕೂತು, "ಈಗ ಏನು ಮಾಡಬೇಕ್ರಿ?" ಅಂತ ಕೇಳಿದಳು. ಏನೂ ಮಾಡಬೇಡ ಅಂದೆ. ಅದನ್ನು ಆಕೆಗೆ ಯಾರೂ ಯಾವತ್ತೂ ಹೇಳಿರಲಿಲ್ಲ, ನಾನೂ ಸೇರಿ.

ಬಾಗಿಲಿಗೆ ಒಳಗಿನಿಂದ ಚಿಲಕ ಇತ್ತು. ಆಕೆ ಹಾಕಿ ನೋಡಿದಳು, ತೆಗೆದು ನೋಡಿದಳು, ಮತ್ತೆ ಹಾಕಿದಳು. ಮನೆಯಿಂದ ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಎ.ಸಿ.ಯ ತಣ್ಣಗೆ ತಡೆಯದೆ ಆಕೆ ಊರಿನ ಕಂಬಳಿ ಹೊದ್ದು ಕೂತಳು. ಆ ರಾತ್ರಿ ಮಾತಾಡಿದೆವು. ಇದನ್ನು ಬರೆಯಲು ನಾಚಿಕೆಯಿಲ್ಲ. ಸಾಲ, ಮಗಳ ಬಾಣಂತನ, ಬೋರಿನ ಮೋಟಾರು ಇವುಗಳ ಮಾತು ಮುಗಿದ ಮೇಲೆ ಬರುವ ಮಾತುಗಳು ಬೇರೆ ಇರುತ್ತವೆ. ಮನೆಯಲ್ಲಿ ಅಲ್ಲಿಯವರೆಗೆ ನಾವು ಎಂದೂ ತಲುಪುವುದಿಲ್ಲ, ಅಷ್ಟರಲ್ಲಿ ನಿದ್ದೆ ಬರುತ್ತದೆ, ಇಲ್ಲ ಯಾರಾದರೂ ಕರೆಯುತ್ತಾರೆ. ಡ್ಯಾಮಿನ ತೋಟದಲ್ಲಿ ದೀಪ ನೋಡದೆ ಎಬ್ಬಿಸಿಕೊಂಡು ಬಂದದ್ದನ್ನು ಆಕೆ ಅವತ್ತು ಹೇಳಿದಳು. ಮೂವತ್ತು ವರ್ಷದ ಹಿಂದಿನದು. ನಾನು ಮರೆತೇಬಿಟ್ಟಿದ್ದೆ. ಅವರವ್ವ ತೀರಿಕೊಂಡ ರಾತ್ರಿ ನಾನು ಕವಿಗೋಷ್ಠಿಯಲ್ಲಿದ್ದು ಫೋನು ತೆಗೆಯದೇ ಹೋದದ್ದನ್ನೂ ಹೇಳಿದಳು. ಅದನ್ನು ನಾನು ಮರೆತಿರಲಿಲ್ಲ. ಆಕೆ ಮರೆತಿದ್ದಾಳೆ ಅಂದುಕೊಂಡಿದ್ದೆ.

ಊರಿಗೆ ಬಂದ ಮೇಲೆ ಕಟ್ಟೆಯ ಮೇಲೆ ಒಬ್ಬ ಹಿರಿಯರು, ಸಾಲ ಇರುವ ರೈತನಿಗೆ ಇದು ಬೇಕಿತ್ತೇನಪ್ಪಾ ಅಂದರು. ಅವರ ಮಾತಿಗೆ ತೂಕ ಇದೆ. ನಮ್ಮದು ಬರದ ಸೀಮೆ, ಶೇಂಗಾ ನಾಲ್ಕು ವರ್ಷಕ್ಕೊಮ್ಮೆ ಕೈ ಹಿಡಿದರೆ ಪುಣ್ಯ, ಪತ್ತಿಕೊಂಡದ ಮಾರ್ಕೆಟ್ಟಿನಲ್ಲಿ ಟೊಮೆಟೊ ರೇಟು ಬಿದ್ದ ದಿನ ರಸ್ತೆಗೆ ಸುರಿದು ಬರುತ್ತೇವೆ. ಆದರೆ ಅದೇ ಹಿರಿಯರು ಮೊಮ್ಮಗನ ಜವಳಕ್ಕೆ ಮುನ್ನೂರು ಜನಕ್ಕೆ ಊಟ ಹಾಕಿದರು, ಆ ದುಡ್ಡೂ ಬಡ್ಡಿಯದೇ. ಸತ್ತ ಮೇಲೆ ತಿಥಿಗೆ ಮಾಡುವ ಸಾಲವನ್ನು ಯಾರೂ ಆಡಿಕೊಳ್ಳುವುದಿಲ್ಲ. ಬದುಕಿರುವ ಗಂಡ ಹೆಂಡತಿ ಒಂದು ರಾತ್ರಿ ಚಿಲಕ ಹಾಕಿಕೊಂಡು ಮಾತಾಡಲು ಮಾಡುವ ಖರ್ಚು ಮಾತ್ರ ದುಂದು ಅನ್ನಿಸಿಕೊಳ್ಳುತ್ತದೆ. ನಾನು ಅವರಿಗೆ ಇದನ್ನು ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಹಾಗಂತ ಎಲ್ಲರೂ ಹೈದರಾಬಾದಿಗೆ ಹೋಗಿ ಅಂತ ನಾನು ಹೇಳುವುದಿಲ್ಲ, ಒಂದೆಕರೆ ಬೀಜದ ದುಡ್ಡು ಎಲ್ಲರ ಮಗನೂ ಕಟ್ಟುವುದಿಲ್ಲ. ನಾನು ಕೇಳುವುದು ನಮ್ಮ ಕಡೆಯೇ ಇಂಥ ಸಾದಾ ಕೋಣೆಗಳು ಇರಬೇಕು ಅಂತ. ತುಗ್ಗಲಿ ಮಂಡಲದ ಜೊನ್ನಗಿರಿಯ ಹತ್ತಿರ, ಎರ್ರಗುಡಿಯ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿ ಬರೆಸಿದ ಶಾಸನಗಳಿವೆ. ಅದರಲ್ಲಿ ಕೆಲವು ಸಾಲು ಎಡದಿಂದ ಬಲಕ್ಕೆ, ಮುಂದಿನದು ಬಲದಿಂದ ಎಡಕ್ಕೆ, ನಾವು ಹೊಲದಲ್ಲಿ ನೇಗಿಲು ತಿರುಗಿಸಿದ ಹಾಗೆ. ಎರಡು ಸಾವಿರದ ಇನ್ನೂರು ವರ್ಷ ಹಳೆಯದು, ಪ್ಲಾಸ್ಟರಿನದಲ್ಲ. ನೋಡಲು ಬಂದವರು ಇರುಳಾದರೆ ಉಳಿಯುವಂಥ ಒಂದು ಕೋಣೆ ಆ ಬಂಡೆಗಳ ಆಸುಪಾಸಿನಲ್ಲಿ ನಾನು ಕಂಡಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಅದೇ ಜೊನ್ನಗಿರಿ, ಪಗಿಡಿರಾಯಿ, ತುಗ್ಗಲಿ, ನಮ್ಮ ಮದ್ದಿಕೇರದ ಹೊಲಗಳಿಗೆ ವಜ್ರ ಹುಡುಕಲು ಜನ ಬರುತ್ತಾರೆ. ದೂರದೂರದ ಜಿಲ್ಲೆಗಳಿಂದ, ಗಡಿಯ ಆ ಕಡೆಯಿಂದಲೂ ಬರುತ್ತಾರೆ. ಅವರಲ್ಲಿ ಗಂಡ ಹೆಂಡಿರ ಜೋಡಿಗಳು ಬಹಳ. ಹಗಲೆಲ್ಲ ಬಗ್ಗಿ ಮಣ್ಣು ನೋಡುತ್ತಾರೆ. ರಾತ್ರಿ ಮರದ ಕೆಳಗೆ, ಗುಡಿಯ ಪೌಳಿಯಲ್ಲಿ, ಶಾಲೆಯ ಜಗಲಿಯ ಮೇಲೆ ಮೂರು ಕಲ್ಲಿಟ್ಟು ಬೇಯಿಸಿಕೊಂಡು, ಮಲಗುತ್ತಾರೆ. ಹೆಂಗಸರು ಕತ್ತಲಾಗುವುದನ್ನು ಕಾಯುತ್ತಾ ಕೂತಿರುವುದನ್ನು ನೋಡಿದ್ದೇನೆ. ವಜ್ರ ಸಿಕ್ಕವರ ಸುದ್ದಿ ಪತ್ರಿಕೆಗೆ ಬರುತ್ತದೆ. ಆ ಹೆಂಗಸರ ಸುದ್ದಿ ಯಾವ ಪತ್ರಿಕೆಯಲ್ಲೂ ನಾನು ಓದಿಲ್ಲ.

ಕರ್ನಾಟಕದವರು ‘ಮಯೂರ’ ಅಂತ ಹೋಟೆಲುಗಳನ್ನು ನಡೆಸುತ್ತಾರೆ, ಹಂಪಿಯ ಹತ್ತಿರ ಕಮಲಾಪುರದಲ್ಲೂ ಒಂದಿದೆ. ಆಂಧ್ರದವರದೂ ಪ್ರವಾಸೋದ್ಯಮ ಇಲಾಖೆ ಇದೆ. ಎರಡೂ ಸರ್ಕಾರಗಳಿಗೆ ನಮ್ಮ ಗಡಿ ಅಂದರೆ ಚೆಕ್‌ಪೋಸ್ಟು. ಚೆಕ್‌ಪೋಸ್ಟಿನ ಪಕ್ಕ ಹತ್ತು ಕೋಣೆ, ಒಳಗಿನಿಂದ ಚಿಲಕ, ಹೆಂಗಸರಿಗೆ ಸ್ನಾನದ ಮನೆ, ಬಂದವರ ಮೇಲೆ ಅನುಮಾನ ಪಡದ ಒಬ್ಬ ಗುಮಾಸ್ತ. ಇಷ್ಟಕ್ಕೆ ಜಾಗತಿಕ ಟೆಂಡರು ಬೇಕಾಗಿಲ್ಲ. ಕವಿಗೋಷ್ಠಿ ಮಾಡುವ ಸಂಘದವರಿಗೂ ಒಂದು ಮಾತು. ಕವಿಯ ಹೆಂಡತಿಯನ್ನೂ ಕರೆಯಿರಿ, ಅಥವಾ ಕವಯಿತ್ರಿಯಾದರೆ ಆಕೆಯ ಗಂಡನನ್ನು. ಶಾಲು ಬೇಡ, ಆ ದುಡ್ಡಿಗೆ ಇಬ್ಬರಿಗೊಂದು ರೂಮು ಕೊಡಿ.

ಬಂದ ವಾರಕ್ಕೇ ಮಗ ಒಂದು ಫಾರಂ ಕಳಿಸಿದ. ಅವ್ವನ ಆಧಾರಿನ ವಿಳಾಸ ಮದ್ದಿಕೇರಕ್ಕೆ ಬದಲಿಸಿಬಿಡು, ತೆಲುಗಿನಲ್ಲಿ ಬರುತ್ತದೆ, ಗಂಡನ ಹೆಸರೂ ಬರುತ್ತದೆ, ಇನ್ನು ಯಾರೂ ಕೇಳುವುದಿಲ್ಲ ಅಂದ. ಸಚಿವಾಲಯದಲ್ಲೂ ಇದನ್ನೇ ಹೇಳುತ್ತಿದ್ದಾರೆ, ಈ ಕಾರ್ಡಿನಿಂದ ಆಕೆಗೆ ಬರಬೇಕಾದ ಕೆಲವು ಸವಲತ್ತು ನಿಂತಿವೆ. ನಾನು ಫಾರಂ ತುಂಬಿ ಸಹಿ ಮಾಡು ಅಂತ ಮುಂದೆ ಇಟ್ಟೆ. ಆಕೆ ತೆಲುಗು ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಹಳೆಯ ಕಾರ್ಡನ್ನು ತೆಗೆದು ಹೆಸರಿನ ಮೇಲೆ ಬೆರಳಾಡಿಸಿದಳು.

"ರೇಷನ್ ಕಾರ್ಡು ತೆಲುಗು, ಓಟಿನ ಚೀಟಿ ತೆಲುಗು, ಬ್ಯಾಂಕಿನ ಬುಕ್ಕು ತೆಲುಗು. ನಂಗೆ ಓದಾಕ ಬರೋಹಂಗ ನನ್ನ ಹೆಸರು ಇದೊಂದರಾಗ ಐತ್ರಿ. ಇರ್ಲಿ ಬಿಡ್ರಿ, ಮುಂದಿನ ಸಲ ಹೋಗುವಾಗ ಮದುವಿ ಫೋಟೋ ಚೀಲದಾಗ ಇಟ್ಕೊಳ್ಳಾಣ" ಅಂದಳು.

ಮುಂದಿನ ಸಲ ಅಂದದ್ದನ್ನು ಗಮನಿಸಿದೆ. ಫಾರಂ ಇನ್ನೂ ಪೆಟ್ಟಿಗೆಯಲ್ಲಿದೆ, ಫೋಟೋಗೆ ಗೆದ್ದಲು ಹತ್ತಿದೆಯೋ ಏನೋ ನೋಡಬೇಕು.